ಕೀಲಿ ಗುರುತಿನ ದೀಪ

"ಹಲೋ... ಡಿಶ್‌ವಾಷರ್ ಬಾಗಿಲು ಹಾಕ್ಕೊಳ್ತಾ ಇಲ್ಲ."

ಆ ದನಿ ಕಿವಿಗೆ ಬಿದ್ದದ್ದೇ ತಡ, ಅವಳ ಕೈ ಹಾಗೇ ನಿಂತುಬಿಟ್ಟಿತು.

ಅನುಮಾನಕ್ಕೆ ಜಾಗವೇ ಇರಲಿಲ್ಲ. ಎದುರಿನ ಪರದೆಯಲ್ಲಿ ಗ್ರಾಹಕರ ಹೆಸರು ಅಂತ ಮೂಡಿದ್ದು ಅವಳದೇ ಹೆಸರು. ವಿಳಾಸ, ಹತ್ತೊಂಬತ್ತು ತಿಂಗಳ ಹಿಂದೆ ಅವಳು ಬಿಟ್ಟು ಬಂದ ಮನೆ. ಮಾತಾಡುತ್ತಿದ್ದವನು ಅವಳ ಗಂಡ. ನಾಡಿದ್ದು ಬೆಳಗ್ಗೆ ಕೋರ್ಟಿನಲ್ಲಿ ವಿಚ್ಛೇದನಕ್ಕೆ ಇಬ್ಬರೂ ಸಹಿ ಹಾಕಿದರೆ ಆ ಮಾತೂ ಮುಗಿಯಿತು.

ಅಡುಗೆಮನೆಯ ಯಂತ್ರಗಳನ್ನು ಮಾರುವ ಆ ಕಂಪನಿಯ ಸಹಾಯವಾಣಿಯಲ್ಲಿ ಅರವತ್ತು ಜನ ಕೂರುತ್ತಾರೆ. ಊಟ ಮುಗಿಸಿ ಬಂದು ಹೆಡ್‌ಫೋನ್ ಹಾಕಿಕೊಂಡ ಅರವತ್ತು ಜನರಲ್ಲಿ ಈ ಕರೆ ಅವಳಿಗೇ ಬರಬೇಕೇ? ಹಣೆಬರಹ ಅಂದರೆ ಇದೇ ಇರಬೇಕು.

ಕರೆ ಕತ್ತರಿಸುವಂತಿಲ್ಲ. ಎತ್ತಿದವರೇ ಮುಗಿಸಬೇಕು, ಅದು ಇಲ್ಲಿನ ಕಟ್ಟುನಿಟ್ಟಿನ ನಿಯಮ. ಪ್ರತಿ ಮಾತೂ ರೆಕಾರ್ಡ್ ಆಗುತ್ತದೆ. ಮೇಲಿಂದ ಮೇಲ್ವಿಚಾರಕಿ ಬೇರೆ ಯಾವಾಗ ಬೇಕಾದರೂ ಲೈನಿಗೆ ಕಿವಿ ಕೊಡುತ್ತಾಳೆ. ಅದಕ್ಕೇ ಎಲ್ಲರೂ ಆಕೆಗೆ 'ಕಿವಿ ಅಕ್ಕ' ಅಂತ ಹೆಸರಿಟ್ಟಿದ್ದರು.

"ನಮಸ್ಕಾರ ಸರ್," ಎಂದಳು ಅವಳು. "ಬಾಗಿಲು ಪೂರ್ತಿ ಮುಚ್ಚಿಕೊಳ್ತಾ ಇಲ್ವಾ, ಮುಚ್ಚಿ ಮತ್ತೆ ತೆರ್ಕೊಳ್ತಾ ಇದೆಯಾ?"

*ಗುರುತು ಹಿಡಿದ... ಈಗ ಫೋನ್ ಇಡ್ತಾನೆ.*

ಅವನು ಇಡಲಿಲ್ಲ. "ನೀನು... ನೀವು ಇಲ್ಲಿ ಕೆಲಸಕ್ಕೆ ಸೇರಿದ್ದೀರಾ?"

"ಈ ಕರೆ ರೆಕಾರ್ಡ್ ಆಗ್ತಾ ಇದೆ, ಸರ್."

"ಓ." ಗಂಟಲು ಸರಿಮಾಡಿಕೊಂಡ. "ಮುಚ್ಚಿಕೊಳ್ಳೋದೇ ಇಲ್ಲ ಮೇಡಂ. ಒಂದು ಬೆರಳಿನಷ್ಟು ಸಂದಿ ಉಳಿಯುತ್ತೆ."

ಮೇಡಂ! ಆರು ವರ್ಷ ಒಂದೇ ದಿಂಬಿಗೆ ಜಗಳವಾಡಿದವನು ಮೇಡಂ ಅನ್ನುತ್ತಿದ್ದ. ಅವಳಿಗೆ ನಗು ಬರಲಿಲ್ಲ.

ಓದುಗರೇ, ಆ ಯಂತ್ರದ ಹೆಸರೆತ್ತಿದರೇ ಅವಳಿಗೆ ಮೈಯುರಿ. ಏಳನೇ ತಿಂಗಳಲ್ಲಿ ಅವಳ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವಳು ಅತ್ತಳು, ಅವಳ ಅಮ್ಮ ಅತ್ತಳು, ಪಕ್ಕದ ಮನೆಯವರೂ ಅತ್ತರು. ಅವನೊಬ್ಬ ಅಳಲಿಲ್ಲ. ಆಫೀಸಿಗೆ ಹೋದ, ಬಂದ, ಪಾತ್ರೆ ತೊಳೆದ. ಇಪ್ಪತ್ತನೇ ದಿನ ಇಬ್ಬರು ಆಳುಗಳು ಈ ಯಂತ್ರವನ್ನು ಹೊತ್ತು ತಂದು ಅಡುಗೆಮನೆಯ ಮೂಲೆಯಲ್ಲಿ ಕೂರಿಸಿದರು.

"ಖಾಲಿ ಜಾಗ ತುಂಬೋಕೆ ತಂದ್ಯಾ ಇದನ್ನ?" ಎಂದು ಕೇಳಿದ್ದಳು. ಅವನು ತುಟಿ ಪಿಟಕ್ಕೆನ್ನಲಿಲ್ಲ. ವಾರದೊಳಗೆ ಅವಳು ಚಿಕ್ಕಮ್ಮನ ಮನೆ ಸೇರಿದ್ದಳು.

*ಮಗು ಹೋದ ತಿಂಗಳಲ್ಲೇ ಪಾತ್ರೆ ತೊಳೆಯೋ ಡಬ್ಬ ಕೊಂಡವನು ಇವನು...* ಕಲ್ಲು ಕೂಡ ಇವನಿಗಿಂತ ಮೆತ್ತಗಿರುತ್ತದೆ ಎಂದುಕೊಂಡು ಹತ್ತೊಂಬತ್ತು ತಿಂಗಳು ಕಳೆದಿದ್ದಳು.

"ಕೆಳಗಿನ ಟ್ರೇ ಪೂರ್ತಿ ಒಳಗೆ ಹೋಗಿದೆಯಾ ನೋಡಿ ಸರ್. ಹಿಂದಿನ ಚಕ್ರ ಹಳಿ ತಪ್ಪಿದ್ರೂ ಬಾಗಿಲು ಕೂರಲ್ಲ."

ಎಳೆದಾಡಿದ ಸದ್ದು. ಏನೋ ಬಿತ್ತು. "ಚಕ್ರ ಸರಿ ಇದೆ."

"ಉದ್ದದ್ದು ಏನಾದ್ರೂ ಆಚೆ ಚಾಚಿದೆಯಾ?"

"ಸೌಟು ಇದೆ. ನಿಲ್ಲಿಸಿ ಇಟ್ಟಿದ್ದೀನಿ."

"ಸೌಟು ಯಾರಾದ್ರೂ ನಿಲ್ಲಿಸ್ತಾರಾ? ಮಲಗಿಸು." ನಾಲಿಗೆ ಕಚ್ಚಿಕೊಂಡಳು. "ಮಲಗಿಸಿ, ಸರ್."

"ಮಲಗಿಸಿದೆ." ಟಿಕ್ ಎಂಬ ಸದ್ದು ಅವಳಿಗೂ ಕೇಳಿಸಿತು. "ಹಾಕ್ಕೊಳ್ತು ಮೇಡಂ. ಆದ್ರೆ ಸ್ಟಾರ್ಟ್ ಒತ್ತಿದ್ರೆ ಶುರುವಾಗ್ತಾ ಇಲ್ಲ."

ಇಷ್ಟಕ್ಕೇ ಮುಗಿದಿದ್ದರೆ ಅವಳ ಪುಣ್ಯ. ಮುಗಿಯಲಿಲ್ಲ.

"ಅರ್ಜೆಂಟ್ ಇದೆಯಾ ಸರ್?"

"ನಮ್ಮಕ್ಕ ನಾಲ್ಕು ಗಂಟೆಗೆ ಬರ್ತಾಳೆ. ಓಡೋದನ್ನ ಕಣ್ಣಾರೆ ನೋಡಿ ತನ್ನ ಮನೆಗೆ ತಗೊಂಡು ಹೋಗ್ತಾಳೆ. ಭಾನುವಾರ ನಾನು ಈ ಮನೆ ಖಾಲಿ ಮಾಡ್ತಾ ಇದ್ದೀನಿ."

ಮನೆ ಖಾಲಿ. ಅಂದರೆ ಮೂಲೆಯ ಕೋಣೆಯೂ. ಅದರ ಗೋಡೆಗೆ ಇಬ್ಬರೂ ಸೇರಿ ತಿಳಿ ಹಸಿರು ಬಣ್ಣ ಬಳಿದಿದ್ದರು... ಅವಳು ಪರದೆ ನೋಡಿದಳು. ದೀಪಗಳ ಅರ್ಥ ಹೇಳಬೇಕಾದರೆ ಮಾದರಿಯ ಸಂಖ್ಯೆ ಬೇಕಿತ್ತು. ಖರೀದಿಯ ವಿವರ ತೆರೆದಳು.

ಮೊದಲು ಕಣ್ಣಿಗೆ ಬಿದ್ದದ್ದು ಆರ್ಡರ್ ಮಾಡಿದ ದಿನಾಂಕ. ಅವಳು ತಪ್ಪು ಓದಿದೆನೆಂದು ಮತ್ತೆ ಓದಿದಳು. ಯಂತ್ರ ಮನೆಗೆ ಬರುವುದಕ್ಕೆ ನಾಲ್ಕು ತಿಂಗಳು ಮೊದಲಿನ ತಾರೀಖು. ಅವಳಿಗೆ ಆಗಷ್ಟೇ ಮೂರು ತಿಂಗಳು ತುಂಬಿ ನಾಲ್ಕಕ್ಕೆ ಬಿದ್ದಿತ್ತು. ಸಿಂಕಿನ ಮುಂದೆ ನಿಂತರೆ ಸಾಕು, ವಾಂತಿ ಬರುತ್ತಿದ್ದ ದಿನಗಳು.

ಕೆಳಗೆ ಸಿಬ್ಬಂದಿ ಟೈಪು ಮಾಡಿದ್ದ ಎರಡು ಸಾಲು.

'ಮಕ್ಕಳ ಲಾಕ್ ಇರುವ ಮಾದರಿಯೇ ಬೇಕಂತೆ. ಮಗು ಬರುವುದರೊಳಗೆ ತಲುಪಿಸಬೇಕಂತೆ.'

ಅದರ ಕೆಳಗೆ: 'ದಾಸ್ತಾನಿಲ್ಲ. ತಡವಾಗುತ್ತದೆ.'

ಪಕ್ಕದ ಕುರ್ಚಿಯವಳು ಯಾರಿಗೋ ಮಿಕ್ಸಿಯ ಬ್ಲೇಡ್ ಬಗ್ಗೆ ವಿವರಿಸುತ್ತಲೇ ಇದ್ದಳು.

*ಖಾಲಿ ಜಾಗ ತುಂಬೋಕೆ ಅಂದೆ. ಅವನ ಮುಖ ನೋಡಿ ಅಂದೆ...*

"ಮೇಡಂ? ಲೈನಲ್ಲಿದ್ದೀರಾ?"

"ಇದ್ದೀನಿ." ದನಿ ಒಡೆಯದಂತೆ ನೋಡಿಕೊಂಡಳು. "ಯಾವ ದೀಪ ಉರೀತಿದೆ ಹೇಳಿ ಸರ್."

"ಕೀಲಿ ಕೈ ಗುರುತಿಂದು. ಕೆಂಪು."

ಅದು ಮಕ್ಕಳ ಲಾಕ್. ಅದು ಉರಿಯುತ್ತಿರುವಷ್ಟು ಹೊತ್ತು ಉಳಿದ ಯಾವ ಗುಂಡಿಯೂ ಕೆಲಸ ಮಾಡುವುದಿಲ್ಲ. ಈ ಮಾತನ್ನು ದಿನಕ್ಕೆ ಹತ್ತು ಸಲ ಯಾರಿಗಾದರೂ ಹೇಳುತ್ತಿದ್ದವಳಿಗೆ ಇವತ್ತು ಬಾಯಿ ಬರಲಿಲ್ಲ.

"ಸರ್... ಆ ಲಾಕ್ ಹಾಕಿದ್ದು ಯಾರು?"

"ನಾನೇ," ಎಂದ ಅವನು. "ಬಂದ ದಿನ ಫಿಟ್ ಮಾಡೋರು, ಒತ್ತಿ ನೋಡಿ ಸರ್, ಮಕ್ಕಳಿರೋ ಮನೆಗೆ ಅನುಕೂಲ ಅಂದ್ರು. ಒತ್ತಿದೆ. ಅವತ್ತಿಂದ ಹಾಗೇ ಇದೆ."

"ಹತ್ತೊಂಬತ್ತು ತಿಂಗಳು ಬಳಸಲೇ ಇಲ್ವಾ?"

"ಇಲ್ಲ. ಕೈಯಲ್ಲೇ ತೊಳ್ಕೊಂಡೆ. ಒಬ್ಬನ ತಟ್ಟೆ, ಏನು ಮಹಾ."

ಅವಳು ಹಣೆ ಹಿಡಿದು ಕುಳಿತಳು. ಪರದೆಯ ಮೂಲೆಯಲ್ಲಿ ಕಿವಿ ಅಕ್ಕನ ಸಂದೇಶ ಮೂಡಿತು: 'ಹತ್ತು ನಿಮಿಷ ಆಯ್ತು. ಬೇಗ.'

"ಆ ಗುಂಡೀನ ಮೂರು ಸೆಕೆಂಡ್ ಒತ್ತಿ ಹಿಡಿದ್ರೆ ಲಾಕ್ ಹೋಗುತ್ತೆ, ಸರ್."

ಒತ್ತಿದ ಸದ್ದು ಬರಲಿಲ್ಲ.

"ಸರ್?"

"ಅದೊಂದು ತೆಗೀದೇ ಶುರು ಮಾಡೋಕೆ ಬೇರೆ ದಾರಿ ಇಲ್ವಾ ಮೇಡಂ?"

ಇಲ್ಲ. ಕೈಪಿಡಿಯ ಯಾವ ಪುಟದಲ್ಲೂ ಇಲ್ಲ. ಅವಳ ಕಣ್ಣಲ್ಲಿ ನೀರು ತುಂಬಿ ಪರದೆ ಕಾಣದಾಯಿತು. ಕಲ್ಲು ಎಂದುಕೊಂಡಿದ್ದಳಲ್ಲ, ಅವನು ಇಷ್ಟು ದಿನ ಒಂದು ಕೆಂಪು ದೀಪ ಆರದಂತೆ ಕಾದುಕೊಂಡು ಕೂತಿದ್ದ.

ರೆಕಾರ್ಡ್ ಆದರೆ ಆಗಲಿ. ಕೆಲಸ ಹೋದರೆ ಹೋಗಲಿ.

"ನಾಲ್ಕು ತಿಂಗಳು ಮೊದಲೇ ಆರ್ಡರ್ ಮಾಡಿದ್ದೆ ಅಂತ ಯಾಕೆ ಹೇಳಲಿಲ್ಲ?"

"ನಿಂಗೆ... ಹೇಗೆ ಗೊತ್ತು?"

"ಎದುರಿಗೆ ಬರೆದಿದೆ. ಮಗು ಬರೋದ್ರೊಳಗೆ ತಲುಪಿಸಿ ಅಂದಿದ್ದೀಯ."

"ಕೂಸು ನೋಡ್ಕೊಳ್ಳೋದ್ರ ಜೊತೆಗೆ ನಿಂಗೆ ಪಾತ್ರೆ ಬೇರೆ ತೊಳೆಯೋ ಕಷ್ಟ ಬೇಡ ಅಂತ ಮಾಡಿದ್ದೆ. ಅದು ಬರೋ ಹೊತ್ತಿಗೆ..."

"ಬೇಡ ಅನ್ನಬಹುದಿತ್ತಲ್ಲ ಅವರಿಗೆ."

"ಫೋನ್ ಮಾಡಿದೆ, ಎರಡು ಸಲ. ರದ್ದು ಮಾಡೋಕೆ ಕಾರಣ ಏನು ಸರ್ ಅಂತ ಕೇಳಿದ್ರು. ಕಾರಣ ಬಾಯಲ್ಲಿ ಹೇಳೋಕೆ ಆಗಲಿಲ್ಲ ಕಣೇ. ಇಟ್ಟುಬಿಟ್ಟೆ."

"ನಂಗಾದ್ರೂ ಹೇಳಬೇಕಿತ್ತು."

"ನೀನು ಎರಡು ತುತ್ತು ತಿನ್ನೋಕೆ ಶುರು ಮಾಡಿದ್ದೆ ಅಷ್ಟೇ. ಹೇಳಿದ್ರೆ ಮತ್ತೆ ಬಿಡ್ತೀಯ ಅಂದ್ಕೊಂಡೆ. ನಾನೂ ಕೂತು ಅತ್ತಿದ್ರೆ ನಿನ್ನ ಎಬ್ಬಿಸೋರು ಯಾರು?"

ಪರದೆಯ ಮೂಲೆಯಲ್ಲಿ ಮತ್ತೆ ಸಂದೇಶ. ಕಿವಿ ಅಕ್ಕ ಅಷ್ಟನ್ನೂ ಕೇಳಿಸಿಕೊಂಡಿದ್ದಳು. ಈ ಸಲ ಬರೆದದ್ದು ಒಂದೇ ಪದ: 'ಮಾತಾಡು.'

ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಏನು ಮಾತಾಡುವುದು? ಹೋದ ಕೂಸು ಬರುವುದಿಲ್ಲ. ಅವಳು ಅಂದ ಮಾತು ವಾಪಸ್ ಆಗುವುದಿಲ್ಲ. ಹತ್ತೊಂಬತ್ತು ತಿಂಗಳು ಅವನೊಬ್ಬನೇ ಆ ದೀಪದ ಎದುರು ಉಂಡದ್ದೂ ಸುಳ್ಳಾಗುವುದಿಲ್ಲ. ಇಬ್ಬರ ನಡುವೆ ಏನಾದರೂ ಉಳಿದಿದೆಯೋ ಇಲ್ಲವೋ, ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

"ತಪ್ಪಾಯ್ತು," ಎಂದಳು. "ಆವತ್ತು ನಾನು ಹಾಗನ್ನಬಾರದಿತ್ತು."

"ಇರಲಿ ಬಿಡು. ನಾನೂ ಬಾಯಿ ಬಿಡಬೇಕಿತ್ತು."

"ಅದನ್ನ ಒತ್ತಬೇಡ. ಅಕ್ಕಂಗೆ ಇವತ್ತು ಬರಬೇಡ ಅನ್ನು."

"ಮತ್ತೆ?"

"ಐದಕ್ಕೆ ಕೆಲಸ ಮುಗಿಯುತ್ತೆ. ನಾನು ಬರ್ತೀನಿ."

ಅವನು ತಡವರಿಸಿದ. "ಲಾಕ್ ತೆಗೆಯೋಕಾ?"

"ತೆಗೆಯೋಕಾದ್ರೆ ತೆಗೆಯೋಣ, ಇಬ್ಬರೂ ಸೇರಿ. ಆಗದಿದ್ರೆ ಬೇಡ."

"ನಾಡಿದ್ದು ಕೋರ್ಟು..."

"ನಾಡಿದ್ದಿನ ಮಾತು ನಂಗೊತ್ತಿಲ್ಲ. ಎಲ್ಲ ಸರಿ ಹೋಗುತ್ತೆ ಅಂತಾನೂ ಹೇಳ್ತಾ ಇಲ್ಲ. ಅಳೋಕೆ ಬರ್ತಾ ಇದ್ದೀನಿ ಅಷ್ಟೇ. ಒಬ್ಬಳೇ ಅತ್ತು ಅತ್ತು ಸಾಕಾಗಿದೆ ನಂಗೆ."

ಆರು ವರ್ಷದಲ್ಲಿ ಅವಳು ಒಮ್ಮೆಯೂ ಕೇಳದಿದ್ದ ಸಣ್ಣ ದನಿಯಲ್ಲಿ ಅವನು ಕೇಳಿದ.

"ನಾನೂ ಅಳಬಹುದಾ?"

"ಹೂಂ," ಎಂದಳು ಅವಳು. "ನಾನು ಬರೋ ತನಕ ತಡ್ಕೋ."