ಬಾಲಿಯ ಬೆಂಕಿಬೆಟ್ಟದಲ್ಲಿ

ಹೋಟೆಲಿನ ಹಾಸಿಗೆಯ ಮೇಲೆ ಟವೆಲಿನಲ್ಲಿ ಮಾಡಿದ ಎರಡು ಹಂಸಗಳು ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿದ್ದವು. ಚೇತನ್‌ಕುಮಾರ್ ಅವು ಕೆಡದಂತೆ ಎತ್ತಿ ಮೇಜಿನ ಮೇಲಿಟ್ಟ. ಆಮೇಲೆ ಒಂದು ದಿಂಬು ತೆಗೆದುಕೊಂಡು ಸೋಫಾದ ಕಡೆ ಹೋದ.

“ನಿಂಗೆ ಸುಸ್ತಾಗಿರ್ತದೆ. ಆರಾಮಾಗಿ ಮಲಿಕೊ.”

ಶ್ಯಾಮಲಾ ಗೋಡೆಯ ಕಡೆ ತಿರುಗಿದಳು. ಮದುವೆಯಾಗಿ ಐದು ತಿಂಗಳು. ಕಟ್ಟೆಮಳಲವಾಡಿಯ ಮನೆಯಲ್ಲೂ ಇದೇ ಮಾತು, ಇದೇ ದೂರ. ಸಮುದ್ರ ದಾಟಿ ಬಂದರೂ ಅದು ಕರಗಲಿಲ್ಲ.

ಹುಣಸೂರಿನಲ್ಲಿ ಚೇತನನದು ಗೊಬ್ಬರದ ಅಂಗಡಿ. ಚೆನ್ನಾಗಿ ವ್ಯಾಪಾರ ಮಾಡಿದ ಡೀಲರುಗಳಿಗೆ ಕಂಪನಿಯವರು ಬಾಲಿ ಟೂರ್ ಕೊಟ್ಟಿದ್ದರು. ಜೊತೆಗೆ ಬಂದವರು ಹಾರನಹಳ್ಳಿಯ ಡೀಲರ್ ಕಾಂತರಾಜು, ಅವನ ಹೆಂಡತಿ ರೂಪಶ್ರೀ. ಆ ಇಬ್ಬರೂ ಒಂದೇ ಎಳನೀರಿಗೆ ಎರಡು ಸ್ಟ್ರಾ ಹಾಕಿ ಜಗಳವಾಡುತ್ತ ಕುಡಿಯುವವರು. ಅವರನ್ನು ಕಂಡಾಗಲೆಲ್ಲ ಶ್ಯಾಮಲಾ ತಲೆ ತಗ್ಗಿಸಿ ತನ್ನ ಎಳನೀರು ಕುಡಿಯುತ್ತಿದ್ದಳು. ಚೇತನ್ ತನ್ನನ್ನೇ ನೋಡುತ್ತಿದ್ದಾನೆ ಅನ್ನಿಸಿ ತಿರುಗಿದರೆ, ಅವನು ತಟ್ಟನೆ ತೆಂಗಿನ ಮರ ನೋಡುತ್ತಿದ್ದ.

ಮೂರನೆಯ ದಿನ ನಾಲ್ವರೂ ಬೆಂಕಿಬೆಟ್ಟ ಹತ್ತಿದರು. ತುದಿಗೆ ಬಂದಾಗ ಸೂರ್ಯ ಆಗಲೇ ಮೇಲೆದ್ದಿದ್ದ. ಕೆಳಗೆ ಹಳೆಯ ಲಾವಾ ಹರಿದು ಆರಿದ ಕಪ್ಪು ನೆಲ, ಅದರಾಚೆ ಕೆರೆ. ಕಲ್ಲಿನ ಬಿರುಕುಗಳಿಂದ ಬಿಸಿ ಹಬೆ ಬರುತ್ತಿತ್ತು. ಗೈಡ್ ಅದರಲ್ಲೇ ಮೊಟ್ಟೆ ಬೇಯಿಸಿಕೊಟ್ಟ.

“ನೋಡ್ರೀ, ಗ್ಯಾಸೂ ಬ್ಯಾಡ, ಸೌದೇನೂ ಬ್ಯಾಡ!” ಎಂದಳು ರೂಪಶ್ರೀ.

“ಅಂಗಾರೆ ಇಲ್ಲೇ ಸಂಸಾರ ಮಾಡವಾ ಬುಡು,” ಎಂದ ಕಾಂತರಾಜು.

ಅವಳು ನಕ್ಕು ಅವನ ಬೆನ್ನಿಗೆ ಗುದ್ದಿದಳು. ಶ್ಯಾಮಲಾ ಎದ್ದು ಸ್ವಲ್ಪ ದೂರ ಹೋಗಿ ನಿಂತಳು. ತಡೆದರೂ ಕಣ್ಣು ತುಂಬಿತು.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಚೇತನ್ ಬಂದಿದ್ದ.

“ಅಳ್ತಿದ್ದೀಯಾ? ಬರೋಕೆ ಇಷ್ಟ ಇರ್ನಿಲ್ವಾ?”

“ನಾನಂದ್ರೆ ಯಾಕ್ರೀ ನಿಮ್ಗೆ ಇಷ್ಟ ಇಲ್ಲ?” ಐದು ತಿಂಗಳ ಪ್ರಶ್ನೆ ಒಂದೇ ಉಸಿರಿಗೆ ಹೊರಬಿತ್ತು.

ಅವನು ಬೆಚ್ಚಿದ. “ನಂಗಾ? ಯಾರು ಹೇಳಿದ್ದು?”

“ಯಾರು ಹೇಳ್ಬೇಕು? ಸೋಫಾ ಹೇಳ್ತದಲ್ಲ.”

ಅವನು ಬೂಟಿನ ತುದಿಯಿಂದ ಕಪ್ಪು ಮರಳನ್ನು ಕೆದಕಿದ.

“ಮದ್ವೆ ಹಿಂದಿನ ದಿನ ನಿಮ್ಮನೆಗೆ ಸೀರೆ ಕೊಡೋಕೆ ಬಂದಿದ್ದೆ. ನೀನು ಹಿತ್ತಲಲ್ಲಿ ನಿಮ್ಮಮ್ಮನ ಕೈ ಹಿಡ್ಕಂಡು, ‘ನಂಗೆ ಈ ಮದ್ವೆ ಬ್ಯಾಡ ಕಣವ್ವ, ಬಿ.ಎಡ್. ಓದ್ಬೇಕು’ ಅಂತ ಅಳ್ತಿದ್ದೆ. ಆವತ್ತೇ ಮದ್ವೆ ನಿಲ್ಲಿಸ್ಬೇಕಿತ್ತು. ಧೈರ್ಯ ಬರ್ನಿಲ್ಲ. ನೀನು ನಂಗೆ ಅಷ್ಟು ಇಷ್ಟ ಆಗಿದ್ದೆ. ಬ್ಯಾಡ ಅಂದೋಳ ಹತ್ರ ಯಾವ ಮುಖ ಇಟ್ಕಂಡು ಬರ್ಲಿ?”

ಶ್ಯಾಮಲಾ ಅವನನ್ನು ಪೂರ್ತಿಯಾಗಿ ನೋಡಿದಳು. ಬಿಸಿಲಿಗೆ ಕೆಂಪಾದ ಮೂಗು. ತಪ್ಪು ಮಾಡಿದವನಂತೆ ತಗ್ಗಿದ ತಲೆ.

“ಅಂದಿದ್ದು ನಿಜ,” ಎಂದಳು. “ಅವತ್ತು ಬ್ಯಾಡಾಗಿತ್ತು. ನೀವು ಎಂಥೋರು ಅಂತಾನೇ ಗೊತ್ತಿರ್ನಿಲ್ಲ. ಓದೋದು ಇನ್ನೂ ಬೇಕು ನಂಗೆ.”

“ಓದು. ಅರ್ಜಿ ಹಾಕವಾ. ನಮ್ಮಪ್ಪನ ಹತ್ರ ನಾನೇ ಮಾತಾಡ್ತೀನಿ.”

“ಪೂರ್ತಿ ಕೇಳ್ರೀ.” ಅವಳ ಕಿವಿ ಬಿಸಿಯಾಯಿತು. “ನೀವೂ ಬೇಕು. ಯಾವಾಗ್ಲಿಂದ ಅಂತ ಕೇಳ್ಬ್ಯಾಡಿ. ದಿನಾ ಸಂಜೆ ನಿಮ್ಮ ಬೈಕ್ ಸೌಂಡ್ ಬರೋ ಗಂಟ ಒಳಗೂ ಹೊರಗೂ ಓಡಾಡ್ತೀನಿ.”

ಚೇತನ್ ನಗಲು ಹೋದ, ಆಗಲಿಲ್ಲ. ಅವನ ಕಣ್ಣೂ ತುಂಬಿತ್ತು. ಕೈ ಚಾಚಿದ, ಅರ್ಧಕ್ಕೇ ನಿಲ್ಲಿಸಿದ. ಉಳಿದರ್ಧ ದಾರಿ ಅವಳು ಬಂದಳು. ಅವನ ಅಂಗೈ ಒರಟಾಗಿತ್ತು, ಬೆಚ್ಚಗಿತ್ತು.

“ಇಳಿಯವಾ ಬನ್ರಪ್ಪಾ!” ಕಾಂತರಾಜು ದೂರದಿಂದ ಕೂಗಿದ.

“ನೀವು ನಡೀರಿ,” ಎಂದು ಶ್ಯಾಮಲಾ ಕೂಗಿ ಹೇಳಿದಳು. “ನಾವು ಆಮೇಲೆ ಬತ್ತೀವಿ.”