ಹಿಂದಕ್ಕೆ ತಿರುಗಿದ ಸ್ಕ್ರೂ

ರಿಮೋಟ್ ಕಾರಿನ ಹಿಂದಿನ ಚಕ್ರವನ್ನು ಬೆರಳಿನಿಂದ ತಿರುಗಿಸಿದಾಗ ಸದ್ದೇ ಬರಲಿಲ್ಲ.

ಮೇಡಂ ಇನ್ನೊಮ್ಮೆ ತಿರುಗಿಸಿದರು. ಚಕ್ರ ಯಾವುದಕ್ಕೂ ಸಂಬಂಧವಿಲ್ಲದಂತೆ ಸುಮ್ಮನೆ ಸುತ್ತಿತು. ನಿನ್ನೆ ಸಂಜೆ ಇದೇ ಚಕ್ರ ಗೇರುಗಳನ್ನು ಎಳೆದುಕೊಂಡು ಗರಗರ ಎನ್ನುತ್ತಿತ್ತು.

“ಅಣ್ಣಾ, ಯಾರೋ ಇದರ ಹೊಟ್ಟೆ ಬಗೆದಿದ್ದಾರೆ.”

ಕ್ಲಬ್ಬಿನ ಕೋಣೆಯ ಕುರ್ಚಿಯಲ್ಲಿ ಅಣ್ಣ ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಾರ್ಶ್ವವಾಯು ಬಡಿದ ಮೇಲೆ ಅವನ ಬಲಗೈಯಲ್ಲಿ ಮಾತು ಕೇಳುವುದು ಹೆಬ್ಬೆರಳು ಒಂದೇ. ಅದನ್ನೂ ಎರಡು ವರ್ಷ ಪಳಗಿಸಿದ್ದ. ಈ ಮಣ್ಣಿನ ಟ್ರ್ಯಾಕಿನಲ್ಲಿ, ತಾನು ಕಾಲೇಜಿನಲ್ಲಿದ್ದಾಗ ಓಡಿಸಿದಂಥದೇ ಬಗ್ಗಿ ಕಾರನ್ನು ಇನ್ನೊಮ್ಮೆ ಓಡಿಸಬೇಕು. ಅದಿಷ್ಟೇ ಅವನ ಆಸೆ. ಹನ್ನೊಂದಕ್ಕೆ ಹಳೇ ಬಗ್ಗಿಗಳ ಓಟ. ನಾಳೆ ಟ್ರ್ಯಾಕ್ ಅಗೆದು ಕಟ್ಟಡ ಏಳಿಸುತ್ತಾರೆ.

“ಗಂಟೆ ಎಷ್ಟು?” ಎಂದ.

“ಹತ್ತು.”

“ಹಾಗಾದ್ರೆ ಒಂದು ಗಂಟೆ ಇದೆ. ಹುಡುಕು.”

ಮೇಡಂ ಮೂವತ್ತು ವರ್ಷ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬ್ ನೋಡಿಕೊಂಡವರು. ಈ ಬಗ್ಗಿಯನ್ನು ನಾಲ್ಕು ವರ್ಷದಲ್ಲಿ ಚೂರು ಚೂರಾಗಿ ಕೂಡಿಸಿದ್ದರು. ತಳದ ಚಾಸಿ ಗುಜರಿಯದು. ಚಕ್ರ ಹೊರುವ ತೋಳುಗಳು ಯಾರದೋ ಅಟ್ಟದ ಡಬ್ಬದವು; ಒಣಗಿ ಪೆಡಸಾಗಿದ್ದ ಆ ನೈಲಾನನ್ನು ಕುದಿಯುವ ನೀರಿನಲ್ಲಿಟ್ಟು ಮತ್ತೆ ಬಾಗುವಂತೆ ಮಾಡಿದ್ದರು. ಕೊನೆಗೆ ಸಿಕ್ಕಿದ್ದು ನಲವತ್ತಾರು ಹಲ್ಲಿನ ಬಿಳಿ ಗೇರ್. ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲ.

ಗೇರ್ ಪೆಟ್ಟಿಗೆಯ ನಾಲ್ಕು ಸ್ಕ್ರೂ ಬಿಚ್ಚಿದರು. ಒಳಗೆ ಆ ಗೇರ್ ಇರಲಿಲ್ಲ. ಭೂತಗನ್ನಡಿ ಹಿಡಿದು ಸ್ಕ್ರೂ ತೂತುಗಳನ್ನು ನೋಡಿದರು. ಸುತ್ತ ಒಂದು ಚೂರೂ ಪ್ಲಾಸ್ಟಿಕ್ ಪುಡಿ ಇಲ್ಲ. ಮೇಡಂ “ಹೂಂ” ಎಂದರು.

* * *

ರಾತ್ರಿ ಬಗ್ಗಿ ಇಟ್ಟಿದ್ದ ಈ ಕೋಣೆಯ ಬೀಗ ತೆಗೆದದ್ದು ಬೆಳಿಗ್ಗೆ ಎಂಟಕ್ಕೆ. ಆಮೇಲೆ ಒಳಗೆ ಬಂದವರು ಮೂವರೇ. ಬೀಗ ತೆಗೆದ ಕಾವಲುಗಾರ, ಕಳೆದ ಸಲ ಗೆದ್ದ ಹಲ್ಲಿನ ಡಾಕ್ಟರು, ಪತ್ರಿಕೆಗೆಂದು ಬಂದ ಫೋಟೋಗ್ರಾಫರ್.

“ನಂಗೇನು ಗೊತ್ತಮ್ಮಾ, ಸ್ಕ್ರೂ ಡ್ರೈವರಲ್ಲಿ ನಾನು ಡಬ್ಬದ ಮುಚ್ಚಳ ಮಾತ್ರ ತೆಗೆಯೋದು,” ಎಂದ ಕಾವಲುಗಾರ. “ಈ ಫೋಟೋದವ್ರು ಮಾತ್ರ ತುಂಬಾ ಹೊತ್ತು ಇದ್ರು, ನಾನು ಟೀ ಕುಡಿದು ಬಂದಾಗಲೂ ಇದ್ರು. ಅಷ್ಟುದ್ದ ಲೆನ್ಸ್ ಹಾಕ್ಕೊಂಡು ಬಾಗಿಲ ತನಕ ಹಿಂದೆ ಹಿಂದೆ ಹೋಗ್ತಿದ್ರು. ಇನ್ನೊಂದು ಹೆಜ್ಜೆ ಹೋದ್ರೆ ಬೀದಿಗೆ ಬೀಳ್ತೀರಿ ಸ್ವಾಮಿ ಅಂದೆ.”

ಫೋಟೋಗ್ರಾಫರ್ ನಕ್ಕ. “ನಂಗೆ ಈ ಆಟಿಕೆಗಳ ಗಂಧಗಾಳಿ ಇಲ್ಲ ಮೇಡಂ. ಚಿತ್ರ ತೆಗೆದೆ, ಅಷ್ಟೇ.”

ಡಾಕ್ಟರು ತಮ್ಮ ಪೆಟ್ಟಿಗೆಯನ್ನು ತಾವೇ ತೆರೆದು ತೋರಿಸಿದರು. ಎಲ್ಲಕ್ಕಿಂತ ಮೇಲೆ ಒಂದು ಬಿಳಿ ಗೇರ್.

“ಸಿಕ್ತಲ್ಲ!” ಎಂದ ಅಣ್ಣ.

“ನನ್ನದು ಸ್ವಾಮಿ ಅದು. ನಿಮ್ಮ ತಂಗೀನ ಹೆದರಿಸೋಕೆ ನಂಗೆ ಕಳ್ಳತನ ಬೇಕಾ? ಓಟ ಸಾಕು.”

ಮೇಡಂ ಹಲ್ಲು ಎಣಿಸಿದರು. ನಲವತ್ತೆಂಟು.

“ಇದು ಡಾಕ್ಟರದೇ ಅಣ್ಣಾ. ಬೇರೆ ಗಾಡಿಯದು.”

“ಹಲ್ಲಿನ ವಿಷಯದಲ್ಲಿ ನಾನು ಸುಳ್ಳು ಹೇಳಲ್ಲ,” ಎಂದರು ಡಾಕ್ಟರು.

* * *

ಹತ್ತೂವರೆ. ಮೇಡಂ ತಮ್ಮ ಚೀಲದಿಂದ ಇನ್ನೊಂದು ಗೇರ್ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು.

“ಬದಲಿ ಪೆಟ್ಟಿಗೆ ಇದೆ. ಇದನ್ನೇ ಹಾಕ್ತೀನಿ. ಆದರೆ ನನ್ನ ಕೈ ನಡುಗ್ತಿದೆ. ಒಬ್ಬೊಬ್ಬರು ಒಂದೊಂದು ಸ್ಕ್ರೂ ಕೂರಿಸಿಕೊಡಿ. ಹಳೇ ಪ್ಲಾಸ್ಟಿಕ್, ಹುಷಾರು.”

ಕಾವಲುಗಾರ ಸ್ಕ್ರೂವನ್ನು ಓರೆಯಾಗಿ ಒತ್ತಿ ನಾಲಿಗೆ ಕಚ್ಚಿಕೊಂಡ. ಡಾಕ್ಟರು ತಮ್ಮ ಬ್ಯಾಟರಿ ಡ್ರೈವರ್ ತಂದು ಗರ್ರ್ ಎಂದು ಇಳಿಸಿದರು. ಬಿಳಿ ಪುಡಿ ಉದುರಿತು.

ಫೋಟೋಗ್ರಾಫರ್ ಸ್ಕ್ರೂವನ್ನು ತೂತಿನ ಮೇಲೆ ನೆಟ್ಟಗೆ ನಿಲ್ಲಿಸಿದ. ಮೆಲ್ಲಗೆ ಎಡಕ್ಕೆ ತಿರುಗಿಸಿದ. ಟಕ್. ಆಮೇಲೆ ಬಲಕ್ಕೆ.

“ಸಾಕು,” ಎಂದರು ಮೇಡಂ. ಅವರ ಕೈ ಈಗ ನಡುಗುತ್ತಿರಲಿಲ್ಲ. “ಈ ಪೆಟ್ಟಿಗೆ ಖಾಲಿ. ನನ್ನ ಗೇರ್ ಕೊಡಿ.”

“ಏನು ಮಾತಾಡ್ತಿದ್ದೀರಿ?”

“ಸ್ಕ್ರೂ ಪ್ಲಾಸ್ಟಿಕ್‌ನಲ್ಲಿ ತನ್ನ ದಾರಿ ತಾನೇ ಕೊರೆದುಕೊಳ್ಳುತ್ತೆ. ತಿರುಗಿ ಹಾಕುವಾಗ ಸೀದಾ ಬಿಗಿದರೆ ಹೊಸ ದಾರಿ ಕೊರೆದು ಪುಡಿ ಬೀಳುತ್ತೆ, ತೂತು ಸಡಿಲ ಆಗುತ್ತೆ. ಹಿಂದಕ್ಕೆ ತಿರುಗಿಸಿದರೆ ಹಳೇ ದಾರಿ ಸಿಕ್ಕಾಗ ಟಕ್ ಅನ್ನುತ್ತೆ. ಇದು ಹಳೇ ಗಾಡಿ ಬಿಚ್ಚಿ ಜೋಡಿಸಿದವರ ಕೈಗೆ ಮಾತ್ರ ಗೊತ್ತು. ನಮ್ಮ ಕಳ್ಳ ನಾಲ್ಕು ಸ್ಕ್ರೂ ವಾಪಸ್ ಹಾಕಿದ್ದಾನೆ. ಒಂದು ಕಣ ಪುಡಿ ಬಿದ್ದಿಲ್ಲ. ಗಂಧಗಾಳಿ ಇಲ್ಲ ಅಂದವರ ಬೆರಳಿಗೆ ಇದು ಹೇಗೆ ಬಂತು?”

ಅವನು ಡ್ರೈವರನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ನೋಡಿದ.

“ಇನ್ನೊಂದು. ಇಷ್ಟು ಚಿಕ್ಕ ಕೋಣೆಯಲ್ಲಿ ಉದ್ದದ ಲೆನ್ಸ್ ಯಾಕೆ? ಸೊಂಟದಲ್ಲಿ ಚಿಕ್ಕ ಲೆನ್ಸಿನ ಚೀಲ ಇದೆ. ಕಾವಲುಗಾರರ ಮುಂದೆ ಅದನ್ನ ಬಿಚ್ಚೋಕೆ ನಿಮಗೆ ಧೈರ್ಯ ಬರಲಿಲ್ಲ. ಈಗ ಬಿಚ್ಚಿ.”

ಚೀಲದ ತಳದಲ್ಲಿ, ಲೆನ್ಸ್ ಒರೆಸುವ ಬಟ್ಟೆಯೊಳಗೆ, ಗ್ರೀಸಿನ ಸಮೇತ ಗೇರ್ ಇತ್ತು.

ಅವನು ಗೇರನ್ನು ಬಟ್ಟೆಯ ಸಮೇತ ಮೇಜಿನ ಮೇಲಿಟ್ಟ. “ನನ್ನ ಹತ್ರಾನೂ ಇದೇ ಬಗ್ಗಿ ಇದೆ. ಆರು ವರ್ಷದಿಂದ. ಇದೊಂದು ಗೇರ್ ಇಲ್ಲದೆ ನಿಂತಿದೆ.”

“ಕೇಳಿದ್ದರೆ ಅಚ್ಚು ತೆಗೆದು ಒಂದು ಎರಕ ಹೊಯ್ದು ಕೊಡ್ತಿದ್ದೆ,” ಎಂದರು ಮೇಡಂ. “ಈಗ ಕ್ಲಬ್ಬಿನವರಿಗೆ ಉತ್ತರ ಕೊಡಿ.”

ಕಾವಲುಗಾರ ಬಾಗಿಲಿಗೆ ಅಡ್ಡ ನಿಂತ. “ಈಗ ಬೀದಿಗೆ ಬೀಳೋಕೂ ಬಿಡಲ್ಲ ಸ್ವಾಮಿ.”

* * *

ಹತ್ತು ಐವತ್ತೈದು. ಕೊನೆಯ ಸ್ಕ್ರೂ ತನಗೆ ಬೇಕೆಂದು ಅಣ್ಣ ಹಟ ಹಿಡಿದ. ಮೇಡಂ ಡ್ರೈವರನ್ನು ನೆಟ್ಟಗೆ ಹಿಡಿದರು. ಅವನ ಹೆಬ್ಬೆರಳು ಹಿಡಿಯನ್ನು ಎಡಕ್ಕೆ ತಳ್ಳಿತು. ಟಕ್.

“ನಿಂಗೆ ಇದನ್ನ ಕಲಿಸಿದ್ದು ಯಾರೇ?”

“ನೀನೇ ಕಣೋ. ಕೊಚ್ಚಿಕೊಳ್ಳಬೇಡ, ನಡಿ.”

ಐದು ಸುತ್ತಿನ ಓಟ. ನಾಲ್ಕನೆಯ ಸುತ್ತಿನವರೆಗೆ ಡಾಕ್ಟರ ಬಗ್ಗಿ ಮುಂದಿತ್ತು. ಐದನೆಯದರಲ್ಲಿ ಎರಡೂ ದಿಬ್ಬದಿಂದ ಒಟ್ಟಿಗೆ ಹಾರಿದವು. ನೆಲ ಮುಟ್ಟಿದ ಏಟಿಗೆ ಡಾಕ್ಟರ ಗಾಡಿಯ ಸಡಿಲ ತೂತುಗಳಿಂದ ಎರಡು ಸ್ಕ್ರೂ ಹಾರಿ, ಗೇರ್ ಪೆಟ್ಟಿಗೆ ಬಾಯಿ ಬಿಟ್ಟಿತು. ಅಣ್ಣನ ಬಗ್ಗಿ ಕುದಿಸಿ ಹದ ಮಾಡಿದ ತೋಳುಗಳ ಮೇಲೆ ಒಮ್ಮೆ ಕುಗ್ಗಿ ಎದ್ದು, ಗರಗರ ಎನ್ನುತ್ತ ಗೆರೆ ದಾಟಿತು.

ಡಾಕ್ಟರು ಕೈಯಲ್ಲಿ ಎರಡು ಸ್ಕ್ರೂ ಹಿಡಿದು ಬಂದರು.

“ಸ್ವಾಮಿ, ಆ ಹಿಂದಕ್ಕೆ ತಿರುಗಿಸೋದು ಸ್ವಲ್ಪ ನಂಗೂ ಹೇಳ್ಕೊಡಿ.”

“ಕೂತ್ಕೊಳ್ಳಿ,” ಎಂದ ಅಣ್ಣ. “ಮೊದಲು ಆ ಬ್ಯಾಟರಿ ಡ್ರೈವರ್ ಕೆಳಗಿಡಿ.”