ಮೇಸ್ತ್ರಿ ಮಗಳು ಹಾಕಿದ ನಾಲ್ಕು ಪ್ಲಗ್

"ಇದನ್ನ ನೀವೇ ಬೇಕು ಬೇಕಂತಲೇ ಹಾಳು ಮಾಡಿದೀರ!"

ಗ್ಯಾರೇಜಿನ ಮೇಸ್ತ್ರಿ ಮಗಳು ಕೈಯಲ್ಲಿದ್ದ ಸ್ಪಾರ್ಕ್ ಪ್ಲಗ್ಗನ್ನು ಅವನ ಮೂಗಿನ ನೇರಕ್ಕೆ ಹಿಡಿದಿದ್ದಳು. ಎದುರಿಗೆ ನಿಂತವನು ಫಿಸಿಯೋಥೆರಪಿಸ್ಟ್. ಮನೆಮನೆಗೆ ಹೋಗಿ, ಹಾಸಿಗೆ ಹಿಡಿದವರ ಕೈಕಾಲಿಗೆ ವ್ಯಾಯಾಮ ಮಾಡಿಸುವವನು. ಈ ಗ್ಯಾರೇಜಿನಲ್ಲಿ ಮಾತ್ರ ಅವನಿಗೆ 'ಡಾಕ್ಟ್ರು' ಅಂತ ಬಡ್ತಿ ಸಿಕ್ಕಿತ್ತು.

"ನಾನಾ...?"

"ಮತ್ತೆ ನಾನಾ? ಒಂದೇ ತಿಂಗಳಲ್ಲಿ ಮೂರನೇ ಸಲ! ಪ್ರತಿ ಸಲ ಹೊಸ ಪ್ಲಗ್ ಹಾಕಿ ಕಳಿಸ್ತೀನಿ. ವಾರದೊಳಗೆ ಕಾರು ಕೆಮ್ಕೊಂಡು ವಾಪಸ್ ಬರುತ್ತೆ. ಇಲ್ನೋಡಿ, ತುದೀಲಿ ಸಣ್ಣ ಸಂದಿ ಇದೆಯಲ್ಲ, ಕಿಡಿ ಹಾರೋದು ಇಲ್ಲೇ. ಓಡಿ ಓಡಿ ಪ್ಲಗ್ ಸವೆದ್ರೆ ಈ ಗ್ಯಾಪ್ ದೊಡ್ಡದಾಗುತ್ತೆ. ಚಿಕ್ಕದಾಗಲ್ಲ! ನಿಮ್ಮ ನಾಲ್ಕೂ ಪ್ಲಗ್ಗಲ್ಲಿ ಅರ್ಧಕ್ಕರ್ಧ ಚಿಕ್ಕದಾಗಿದೆ. ಯಾರೋ ತಟ್ಟಿ ಬಗ್ಗಿಸಿದಾರೆ. ಕಾರು ಇರೋದು ನಿಮ್ಮ ಹತ್ರ. ಹೇಳಿ, ಯಾರು?"

ಅವನು ಬಾಯಿ ತೆರೆದ. ಆದರೆ ಕಣ್ಣು ಅವಳ ಹೆಗಲ ಮೇಲಿಂದ ಹಿಂದಕ್ಕೆ ಹೋಯಿತು. ಅಲ್ಲಿ ಸ್ಟೂಲಿನ ಮೇಲೆ ಅವಳ ಅಪ್ಪ, ಆ ಗ್ಯಾರೇಜಿನ ಹಳೇ ಮೇಸ್ತ್ರಿ, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಾ ಕೂತಿದ್ದರು. ವರ್ಷದಿಂದ ಅವರು ಕೆಲಸ ಬಿಟ್ಟು, ಮಗಳಿಗೆ ಸಾಮಾನು ಎತ್ತಿಕೊಡುವುದಷ್ಟೇ ಮಾಡುತ್ತಿದ್ದರು. ಈಗ ಅವರ ಕೈ ನಿಂತಿತ್ತು. ಮುಖ ಬಿಳಿಚಿಕೊಂಡಿತ್ತು.

ಅವನು ಬಾಯಿ ಮುಚ್ಚಿಕೊಂಡ.

"ಹೌದು," ಅಂದ ಮೆಲ್ಲಗೆ. "ನಾನೇ."

"ಯಾಕೆ?"

"...ನಿಮ್ಮನ್ನ ನೋಡೋಕೆ."

ಅಯ್ಯೋ! ಬೇರೆ ಯಾವ ದಿನವಾದರೂ ಈ ಮಾತು ಕೇಳಿದ್ದರೆ ಅವಳು ಕೈಲಿದ್ದುದನ್ನೆಲ್ಲ ಬಿಟ್ಟು ನಾಚುತ್ತಿದ್ದಳೇನೋ. ನಿಜ ಹೇಳಬೇಕೆಂದರೆ, ಆ ಕಾರಿನ ಕೆಮ್ಮು ಬೀದಿಯ ತಿರುವಿನಲ್ಲೇ ಅವಳಿಗೆ ಗುರುತಾಗುತ್ತಿತ್ತು. ಕೈ ತಾನಾಗಿ ಕೂದಲು ಸರಿಮಾಡಲು ಹೋಗಿ, ಹಣೆಗೆಲ್ಲ ಗ್ರೀಸ್ ಮೆತ್ತಿಕೊಳ್ಳುತ್ತಿತ್ತು. ಕಾರು ಕೆಟ್ಟರೆ ಮೆಕ್ಯಾನಿಕ್‌ಗೆ ಖುಷಿ ಆಗೋದು ಸಹಜ ತಾನೇ ಅಂತ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಆದರೆ ಅದೇ ಕಾರು ನಡುಬೀದಿಯಲ್ಲಿ ನಿಂತಾಗಲೆಲ್ಲ ಜನ ಆಡಿಕೊಂಡಿದ್ದರು, 'ಮೇಸ್ತ್ರಿ ಕೈಗುಣ ಮಗಳಿಗೆ ಬಂದಿಲ್ಲ' ಅಂತ. ಆ ಮಾತಿಗೆ ಅವಳು ತನ್ನ ಕೈಯನ್ನೇ ನಂಬದ ಹಾಗೆ ಆಗಿದ್ದಳು. ಅಪ್ಪ ಕಟ್ಟಿದ ಗ್ಯಾರೇಜು ತನ್ನಿಂದಲೇ ಮುಳುಗುತ್ತದೆ ಅಂತ ಒಳಗೊಳಗೇ ಬೆಂದಿದ್ದಳು.

'ಅಷ್ಟಕ್ಕೂ ಕಾರಣ ಇವನ ಹುಡುಗಾಟವಾ?'

ಅವಳು ಅದೇ ಹಾಳಾದ ಪ್ಲಗ್ಗುಗಳನ್ನು ಹಾಗೇ ವಾಪಸ್ ಹಾಕಿ, ಬಾನೆಟ್ಟನ್ನು ದಢಾರನೆ ಮುಚ್ಚಿದಳು.

"ಬೇರೆ ಗ್ಯಾರೇಜ್ ನೋಡ್ಕೊಳ್ಳಿ."

ಅವನು ತಲೆ ತಗ್ಗಿಸಿ ಹೊರಟ. ಕಾರು ಕೆಮ್ಮುತ್ತಾ ತಿರುವು ದಾಟುವವರೆಗೂ ಅವಳು ಬೆನ್ನು ತಿರುಗಿಸಿಯೇ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತಳು.

ಒಂಬತ್ತು ದಿನ ಕಳೆಯಿತು. ಡಾಕ್ಟ್ರು ಬರಲಿಲ್ಲ, ಕೆಮ್ಮೂ ಕೇಳಿಸಲಿಲ್ಲ.

ಹತ್ತನೇ ದಿನ ಮಧ್ಯಾಹ್ನ ಒಬ್ಬ ಶಾಲೆ ಟೀಚರ್ ಕಾರಿಗೆ ಹೊಸ ಪ್ಲಗ್ ಹಾಕಿ, ಗ್ಯಾರೇಜಿನ ಹಿಂದೆಯೇ ಇದ್ದ ಮನೆಗೆ ಊಟಕ್ಕೆ ಹೋದಳು. ಫೋನ್ ಬೆಂಚಿನ ಮೇಲೇ ಮರೆತಿದ್ದಳು. ತಗೊಳ್ಳಲು ವಾಪಸ್ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

ಟೀಚರ್ ಕಾರಿನ ಬಾನೆಟ್ ತೆರೆದಿತ್ತು. ಅವಳು ಈಗಷ್ಟೇ ಹಾಕಿದ ನಾಲ್ಕೂ ಪ್ಲಗ್ಗು ಬಟ್ಟೆಯ ಮೇಲೆ ಸಾಲಾಗಿ ಮಲಗಿದ್ದವು. ಅಪ್ಪ ಒಂದೊಂದನ್ನೇ ಎತ್ತಿ, ತುದಿಯನ್ನು ಬೆಂಚಿಗೆ ಮೆಲ್ಲಗೆ ತಟ್ಟಿ, ಸಂದಿಗೆ ಅಳತೆ ಗೇಜಿನ ತೆಳು ಪಟ್ಟಿ ತೂರಿಸಿ ನೋಡುತ್ತಿದ್ದರು. ಎಂಥ ಶ್ರದ್ಧೆ! ಮಗುವಿನ ಉಗುರು ಕತ್ತರಿಸುವವರ ಹಾಗೆ.

ಆ ಪಟ್ಟಿ ಅವರು ಕೆಲಸ ಕಲಿತ ಕಾಲದ ಎಂಜಿನ್ನಿಗೆ ಸರಿಯಾದ ಅಳತೆ. ಆ ಎಂಜಿನ್ನುಗಳೆಲ್ಲ ಗುಜರಿ ಸೇರಿ ಎಷ್ಟೋ ವರ್ಷವಾಗಿತ್ತು. ಅಪ್ಪನ ಕೈ ಮಾತ್ರ ಇನ್ನೂ ಅಲ್ಲೇ ಉಳಿದಿತ್ತು.

"ಬಾ ಮಗಳೇ, ಬೈಯಲ್ಲ ನಾನು," ಅಂದರು ನಗುತ್ತಾ. "ಗ್ಯಾಪ್ ನೋಡೋದು ಮರ್ತಿದ್ದೆ ನೀನು. ನಾನೇ ಸರಿ ಮಾಡ್ದೆ."

ಅವಳು ಒಂದು ಪ್ಲಗ್ ಎತ್ತಿ ನೋಡಿದಳು, ಗ್ಯಾಪ್ ಅರ್ಧಕ್ಕರ್ಧ ಚಿಕ್ಕದಾಗಿತ್ತು.

"ಅಪ್ಪಾ... ಡಾಕ್ಟ್ರ ಕಾರಿಗೂ...?"

"ಪ್ರತಿ ಸಲಾನೂ ನಾನೇ!" ಅಂದವರು, ಏನೋ ನೆನಪಾಗಿ ಸಣ್ಣಗಾದರು. "ಕೊನೇ ಸಲ ಆ ಹುಡುಗ ಕಾರು ತಗೊಂಡು ಹೋಗೋಕೆ ಬಂದಾಗ ನೋಡ್ಬಿಟ್ಟ. 'ಮಗಳು ಹಾಕಾಯ್ತಲ್ವಾ ಮೇಸ್ತ್ರಿ, ಮತ್ತೆ ಯಾಕೆ ತೆಗೀತಿದೀರ' ಅಂದ. ನಂಗೆ... ಯಾವ ಗಾಡಿ ಮುಂದೆ ನಿಂತಿದೀನಿ ಅಂತಾನೇ ತಿಳೀಲಿಲ್ಲಮ್ಮ. ಮಗಳಿಗೆ ಹೇಳ್ಬೇಡಪ್ಪ ಅಂತ ಕೈ ಹಿಡ್ಕೊಂಡೆ. ಗೊತ್ತಾದ್ರೆ ನನ್ನ ಕೈಯಿಂದ ಸ್ಪ್ಯಾನರ್ ಕಿತ್ಕೋತಾಳೆ ಅಂದೆ."

ಅಪ್ಪ ಸ್ಪ್ಯಾನರನ್ನು ಎದೆಗೆ ಒತ್ತಿಕೊಂಡರು.

"ಕಿತ್ಕೋತೀಯಾ?"

ಏನು ಹೇಳಬೇಕಿತ್ತು ಅವಳು? ಹೌದು ಅಂದರೆ ಅಪ್ಪ ಉಳಿಯುವುದಿಲ್ಲ, ಇಲ್ಲ ಅಂದರೆ ಗ್ಯಾರೇಜು ಉಳಿಯುವುದಿಲ್ಲ. ಸ್ಪ್ಯಾನರ್ ಹಿಡಿಯಲು ಕಲಿಸಿದ ಕೈಯಿಂದಲೇ ಅದನ್ನು ಕಸಿದುಕೊಳ್ಳುವುದು ಹೇಗೆ?

"ಇಲ್ಲಪ್ಪ," ಅಂದಳು. ಅಷ್ಟು ಮಾತ್ರ ಅವಳ ಕೈಲಾಯಿತು.

ಟೀಚರ್ ಕಾರನ್ನು ಸರಿಮಾಡಿ, ಅಪ್ಪನನ್ನು ಮಲಗಿಸಿ, ಪಕ್ಕದ ಮನೆಯ ಅಜ್ಜಿಯನ್ನು ನೋಡಿಕೊಳ್ಳಲು ಕೂರಿಸಿ, ನಾಲ್ಕು ಹೊಸ ಪ್ಲಗ್ ಕಿಸೆಗೆ ಹಾಕಿಕೊಂಡು, ಸ್ಪ್ಯಾನರ್, ಗೇಜು ಹಿಡಿದು ಹೊರಟಳು. ಡಾಕ್ಟ್ರ ಮನೆ ಮುಂದೆ ಕಾರು ಧೂಳು ಹೊದ್ದು ನಿಂತಿತ್ತು. ಬೆಲ್ ಒತ್ತಿದಳು.

ಅವನು ಕೈಯಲ್ಲಿ ಅರ್ಧ ಇಸ್ತ್ರಿಯಾದ ಅಂಗಿ ಹಿಡಿದೇ ಬಂದ.

"ಬಾನೆಟ್ ತೆಗೀರಿ."

"ಬೇರೆ ಗ್ಯಾರೇಜ್ ನೋಡ್ಕೊಳ್ಳಿ ಅಂದಿದ್ರಿ..."

"ನೋಡ್ಕೊಂಡ್ರಾ?"

"ಇಲ್ಲ. ಬಸ್ಸಲ್ಲಿ ಓಡಾಡ್ತಿದೀನಿ."

ಅವನು ಬಾನೆಟ್ ತೆಗೆದುಕೊಟ್ಟ. ಪ್ಲಗ್ಗಿನ ಸುತ್ತಲ ಧೂಳನ್ನು ಊದಿ ತೆಗೆದು, ಮೊದಲನೆಯದನ್ನು ಬಿಚ್ಚಿದಳು. ತುದಿ ಕಾಡಿಗೆ ಬಳಿದ ಹಾಗೆ ಕಪ್ಪಾಗಿತ್ತು. ಹೊಸದರ ಗ್ಯಾಪ್ ಅಳೆದು, ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲಷ್ಟೇ ಸ್ಪ್ಯಾನರ್ ಹಾಕಿ ಬಿಗಿ ಮಾಡಿದಳು. ಎರಡನೆಯದೂ ಹಾಗೇ ಕೂತಿತು.

ಮೂರನೆಯದು ಕೂರಲೇ ಇಲ್ಲ. ಬೆರಳು ನಡುಗುತ್ತಿತ್ತು. ತಿರುಗಿಸಿದಳು, ಜಾರಿತು. ಮತ್ತೆ ತಿರುಗಿಸಿದಳು... ಬಲವಂತ ಮಾಡಿದರೆ ಒಳಗಿನ ತಿರುಪಿನ ಥ್ರೆಡ್ ಹಾಳಾಗುತ್ತದೆ. ಇದನ್ನೂ ಅಪ್ಪನೇ ಕಲಿಸಿದ್ದು.

ಎಂಜಿನ್ನಿನ ಮೇಲೆ ತಲೆ ಬಗ್ಗಿಸಿದವಳು ಬಿಕ್ಕಿಬಿಟ್ಟಳು.

"ಯಾಕೆ ಹೇಳ್ಲಿಲ್ಲ ನೀವು? ಬೈಸ್ಕೊಂಡು, ತಲೆ ತಗ್ಗಿಸ್ಕೊಂಡು ಹೋದ್ರಲ್ಲ... ಯಾಕೆ?"

"ಹೇಳೋಕಾಗ್ಲಿಲ್ಲ," ಅಂದ ಅವನು. "ಅವರು ನನ್ನ ಕೈ ಹಿಡ್ಕೊಂಡಿದ್ರು. ಬಿಡ್ಲೇ ಇಲ್ಲ."

"ನನ್ನ ನೋಡೋಕೆ ಅಂದಿದ್ದು... ಸುಳ್ಳಾ?"

"ಪ್ಲಗ್ ತಟ್ಟಿದ್ದು ನಾನು ಅನ್ನೋದು ಸುಳ್ಳು. ಉಳಿದಿದ್ದು ನಿಜ. ಕಾರು ಕೆಟ್ಟಾಗೆಲ್ಲ ಒಳಗೇ ಖುಷಿ ಆಗ್ತಿತ್ತು ನಂಗೆ. ನೀವಂದ್ರೆ ನಂಗೆ ಪ್ರಾಣ. ಇದನ್ನ ನೆಟ್ಟಗೆ ಹೇಳೋಕೆ ನಂಗೆ ಬರಲಿಲ್ಲ, ಅಷ್ಟೇ."

ಅವಳು ತಲೆ ಎತ್ತಲಿಲ್ಲ. ಎತ್ತಿದ್ದರೆ ಅತ್ತ ಮುಖದಲ್ಲಿ ನಗು ಕಾಣಿಸಿಬಿಡುತ್ತಿತ್ತು. ಆದರೆ ಆ ನಗುವೂ ಬಹಳ ಹೊತ್ತು ನಿಲ್ಲಲಿಲ್ಲ.

"ಅಪ್ಪಂಗೆ ಏನಾದ್ರೂ ಮಾಡಬಹುದಾ? ನಿಮಗೆ ಗೊತ್ತಿರುತ್ತಲ್ಲ..."

"ಕೈಕಾಲಿನ ತೊಂದ್ರೆ ಆಗಿದ್ರೆ ವ್ಯಾಯಾಮ ಹೇಳ್ಕೊಡ್ತಿದ್ದೆ. ಇದಕ್ಕೆ ದೊಡ್ಡ ಡಾಕ್ಟರ್ ಹತ್ರ ಒಟ್ಟಿಗೆ ಕರ್ಕೊಂಡು ಹೋಗೋಣ. ಆದ್ರೆ ಸುಳ್ಳು ಧೈರ್ಯ ಹೇಳಲ್ಲ. ಹೋದ ನೆನಪನ್ನ ವಾಪಸ್ ತರೋದು ನನ್ನ ಕೈಲಿಲ್ಲ. ಯಾರ ಕೈಲೂ ಇಲ್ವೇನೋ."

ಅವನು ಪಕ್ಕಕ್ಕೆ ಬಂದು ನಿಂತ. ಅವಳ ನಡುಗುವ ಮಣಿಕಟ್ಟಿಗೆ ತನ್ನ ಕೈ ಆಸರೆ ಕೊಟ್ಟ. ಅಷ್ಟೇ, ಏನನ್ನೂ ತಿರುಗಿಸಲಿಲ್ಲ, ಒತ್ತಲಿಲ್ಲ. ಅವಳ ಬೆರಳು ನಿಧಾನಕ್ಕೆ ಹದಕ್ಕೆ ಬಂದು ಮೂರನೆಯದೂ ಕೂತಿತು, ನಾಲ್ಕನೆಯದೂ ಕೂತಿತು.

"ನಾಳೆ ಅಪ್ಪ ಇದನ್ನೂ ಬಿಚ್ಚಿ ತಟ್ಟಿದ್ರೆ?"

"ತಟ್ಟಲಿ. ನನ್ನ ಕಾರನ್ನೇ ಅವರ ಮುಂದೆ ನಿಲ್ಲಿಸ್ತೀನಿ. ಬೇರೆಯವರ ಗಾಡಿ ಮುಟ್ಟೋದು ಬೇಡ. ಅವರು ತಟ್ಲಿ, ನೀವು ಸರಿ ಮಾಡಿ, ನಾನು ಮತ್ತೆ ತಗೊಂಡ್ಬರ್ತೀನಿ."

"ಎಷ್ಟು ದಿನ ಅಂತ?"

ಅವನು ಬಾನೆಟ್ಟನ್ನು ಮೆಲ್ಲಗೆ ಇಳಿಸಿದ.

"ಅವರಿಗೆ ಅದೂ ಮರೆಯೋವರೆಗೆ."

ಅವಳ ಕಣ್ಣು ಮತ್ತೆ ತುಂಬಿತು.

"ಆಮೇಲೆ...?"

"ಆಮೇಲೆ ಸುಮ್ನೆ ಬರ್ತೀನಿ. ಕಾರಿಲ್ಲದೆ."

ಗ್ರೀಸ್ ಮೆತ್ತಿದ ಬೆರಳುಗಳು ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದವು. ಇಷ್ಟು ದಿನ ಬನ್ನಿ, ಹೋಗಿ, ಕೂತ್ಕೊಳ್ಳಿ ಅನ್ನುತ್ತಿದ್ದವಳ ಬಾಯಿಂದ ಒಂದೇ ಅಕ್ಷರ ಹೊರಟಿತು.

"ಬಾ," ಅಂದಳು.

"ಬಂದೆ ಕಣೇ," ಅಂದ ಅವನು.